ಅರವತ್ತು ಅಕ್ಷರಗಳ ಟಿಪ್ಪಣಿ

ಅಮೆರಿಕದ ಹೆದ್ದಾರಿಗಳಲ್ಲಿ ಒಬ್ಬನೇ ಸರಕು ಲಾರಿ ಓಡಿಸತೊಡಗಿದ ಐದನೆಯ ವಾರದಲ್ಲಿ ನನ್ನ ಹೆಸರಿನಲ್ಲಿ ಎರಡು ಉಲ್ಲಂಘನೆಗಳು ದಾಖಲಾದವು. ದಿನದ ಕೆಲಸ ಶುರುವಾಗಿ 14ನೆಯ ಗಂಟೆ ಮುಗಿದ ಮೇಲೂ ವಾಹನ ಚಲಾಯಿಸಿದ್ದು ಒಂದು, ಸುಳ್ಳು ಲಾಗ್, ಅಂದರೆ ಕೆಲಸದ ಗಂಟೆಗಳ ಸುಳ್ಳು ದಾಖಲೆ ಬರೆದದ್ದು ಇನ್ನೊಂದು. ಮೊದಲನೆಯದನ್ನು ಓದಿ ಬೇಸರವಾಯಿತು. ಎರಡನೆಯದನ್ನು ಓದಿ ಅವಮಾನವಾಯಿತು, ಏಕೆಂದರೆ ನಾನು ಬರೆದಿದ್ದರಲ್ಲಿ ಸುಳ್ಳೆನ್ನುವಂಥದ್ದು ಏನೂ ಇರಲಿಲ್ಲ; ಬರೆಯಬೇಕಾಗಿದ್ದ ಒಂದು ಸಾಲನ್ನು ಬರೆಯದೆ ಬಿಟ್ಟಿದ್ದೆ, ಅಷ್ಟೇ. ಆ ಒಂದು ಸಾಲಿಗಾಗಿ ಆಮೇಲೆ ಸುಮಾರು ಮೂರು ತಿಂಗಳು ಪತ್ರ ಬರೆಯಬೇಕಾಯಿತು. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಕನ್ನಡಿಗರು ಕೆಲವರಾದರೂ ಇದ್ದಾರೆಂದು ಬಲ್ಲೆನಾದ್ದರಿಂದ, ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತಿದ್ದೇನೆ.

ಮೊದಲು ನಿಯಮ. ಸರಕು ಸಾಗಿಸುವ ಚಾಲಕ ಸತತವಾಗಿ 10 ಗಂಟೆ ಕರ್ತವ್ಯದಿಂದ ಹೊರಗಿದ್ದು ವಿಶ್ರಾಂತಿ ಪಡೆದ ಮೇಲೆ 11 ಗಂಟೆ ವಾಹನ ಓಡಿಸಬಹುದು. ಆದರೆ ಆ 11 ಗಂಟೆಗಳನ್ನು ಕೆಲಸ ಆರಂಭಿಸಿದ ಕ್ಷಣದಿಂದ 14 ಗಂಟೆಗಳ ಒಳಗೇ ಮುಗಿಸಿರಬೇಕು. ಒಟ್ಟು 8 ಗಂಟೆ ಓಡಿಸುವಷ್ಟರಲ್ಲಿ ಕನಿಷ್ಠ 30 ನಿಮಿಷ ಬಿಡುವು ಆಗಿರಬೇಕು. ವಾರದ ಏಳೂ ದಿನ ಲಾರಿ ಓಡಿಸುವ ಕಂಪನಿಯಾದರೆ 8 ದಿನಗಳಲ್ಲಿ 70 ಗಂಟೆ, ಇಲ್ಲವಾದರೆ 7 ದಿನಗಳಲ್ಲಿ 60 ಗಂಟೆ ಕೆಲಸವಾದ ಮೇಲೆ ಚಕ್ರ ಹಿಡಿಯುವಂತಿಲ್ಲ. ಸತತ 34 ಗಂಟೆ ವಿರಾಮ ಪಡೆದರೆ ಈ ವಾರದ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಇಷ್ಟನ್ನು ತರಬೇತಿ ಶಾಲೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಬಾಯಿಪಾಠ ಮಾಡಿಸುತ್ತಾರೆ, ಪರೀಕ್ಷೆಯಲ್ಲಿ ಕೇಳುತ್ತಾರೆ, ಎಲ್ಲರೂ ಪಾಸಾಗುತ್ತಾರೆ.

ಅಲ್ಲಿ ಯಾರೂ ಒತ್ತಿ ಹೇಳದ ಮಾತೊಂದಿದೆ. 11 ಗಂಟೆಯ ಗಡಿಯಾರ ಲಾರಿ ನಿಂತಾಗ ನಿಲ್ಲುತ್ತದೆ, 14 ಗಂಟೆಯ ಗಡಿಯಾರ ನಿಲ್ಲುವುದಿಲ್ಲ. ಊಟ ಮಾಡುವಾಗ, ಡೀಸೆಲ್ ತುಂಬಿಸುವಾಗ, ಗೋದಾಮಿನ ಮುಂದೆ ಬಾಗಿಲು ತೆರೆಯಲೆಂದು ಕಾಯುತ್ತ ಕುಳಿತಾಗ, ಎಲ್ಲ ಹೊತ್ತಿನಲ್ಲೂ ಅದು ಸವೆಯುತ್ತಲೇ ಇರುತ್ತದೆ. ಈ ವೃತ್ತಿಯಲ್ಲಿ ಚಾಲಕನನ್ನು ತಪ್ಪಿಗೆ ತಳ್ಳುವುದು ಹೆಚ್ಚಾಗಿ ಓಡಿಸುವ ಕೆಲಸವಲ್ಲ, ಕಾಯುವ ಕೆಲಸ ಎಂಬುದು ನನ್ನ ಅನುಭವ.

ಶಾಲೆ ಮುಗಿದ ಮೇಲೆ ಎಂಟು ವಾರ ನಾನು ಒಬ್ಬ ಹಿರಿಯ ಚಾಲಕರ ಜೊತೆ ಅವರ ಲಾರಿಯಲ್ಲಿದ್ದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಈ ರಸ್ತೆಗಳನ್ನು ಕಂಡವರು. ಕಾಗದದ ಲಾಗ್ ಪುಸ್ತಕಗಳ ಕಾಲವನ್ನು ಅವರು ಅಷ್ಟೇನೂ ಗೌರವದಿಂದ ನೆನೆಯುತ್ತಿರಲಿಲ್ಲ. ಚಾಲಕರು ಅದನ್ನು 'ಕಾಮಿಕ್ ಪುಸ್ತಕ' ಎಂದು ಕರೆಯುತ್ತಿದ್ದರಂತೆ, ಒಂದೇ ದಿನಕ್ಕೆ ಎರಡು ಪುಸ್ತಕ ಇಟ್ಟುಕೊಂಡವರೂ ಇದ್ದರಂತೆ. ಕೆಲಸದ ಗಂಟೆಗಳಿಗೆ ಮಿತಿ ಹಾಕುವ ನಿಯಮ ಮೊದಲು ಬಂದದ್ದು 1930ರ ದಶಕದ ಕೊನೆಯಲ್ಲಿ, ಆಗಿನ ಇಂಟರ್‌ಸ್ಟೇಟ್ ಕಾಮರ್ಸ್ ಕಮಿಷನ್‌ನಿಂದ. ಈಗಿನ 11 ಮತ್ತು 14 ಗಂಟೆಗಳ ಲೆಕ್ಕ ಜಾರಿಗೆ ಬಂದದ್ದು 2004ರ ಜನವರಿಯಲ್ಲಿ. ಆದರೆ ಚಾಲಕರ ಬದುಕನ್ನು ನಿಜವಾಗಿ ಬದಲಿಸಿದ ದಿನ 2017ರ ಡಿಸೆಂಬರ್ 18 ಎನ್ನುವುದು ನನ್ನ ಗುರುಗಳ ಅಭಿಪ್ರಾಯ. ಅಂದಿನಿಂದ ಲಾಗ್ ಬರೆಯುವ ಕೆಲಸ ಇಂಜಿನ್ನಿಗೆ ಜೋಡಿಸಿದ ವಿದ್ಯುನ್ಮಾನ ಉಪಕರಣಕ್ಕೆ, ಅಂದರೆ ಇಎಲ್‌ಡಿಗೆ ಹೋಯಿತು. 2000ಕ್ಕಿಂತ ಹಿಂದಿನ ಮಾದರಿಯ ಇಂಜಿನ್ ಇರುವ ಲಾರಿಗೆ ಮಾತ್ರ ಅದು ಬೇಕಿಲ್ಲ. ಅಂಥ ಹಳೆಯ ಲಾರಿಯನ್ನು ಹುಡುಕಿ ಕೊಳ್ಳುವವರೂ ಇದ್ದಾರೆ. ಉಪಕರಣದಿಂದ ವಿನಾಯಿತಿ ಸಿಕ್ಕರೆ ಗಂಟೆಗಳ ಮಿತಿಯಿಂದಲೂ ವಿನಾಯಿತಿ ಸಿಕ್ಕಿತೆಂದು ಕೆಲವರು ಎಣಿಸುತ್ತಾರೆ, ಅದು ಶುದ್ಧ ತಪ್ಪು.

ಇಎಲ್‌ಡಿಯ ನಡವಳಿಕೆ ಕಟ್ಟುನಿಟ್ಟು. ಲಾರಿ ಗಂಟೆಗೆ 5 ಮೈಲಿ ವೇಗ ಮುಟ್ಟುವಷ್ಟರಲ್ಲಿ ಅದು ಲಾಗಿನ ನಾಲ್ಕು ಗೆರೆಗಳಲ್ಲಿ 'ಚಾಲನೆ' ಎಂಬ ಗೆರೆಗೆ ತಾನೇ ಹೋಗುತ್ತದೆ. ನಿಂತು 5 ನಿಮಿಷವಾದರೆ ಈಗೇನು ಮಾಡುತ್ತಿದ್ದೀರಿ ಎಂದು ಕೇಳುತ್ತದೆ. ಒಂದು ನಿಮಿಷ ಉತ್ತರಿಸದಿದ್ದರೆ 'ಕರ್ತವ್ಯದಲ್ಲಿ, ಚಾಲನೆಯಿಲ್ಲ' ಎಂದು ಬರೆದುಕೊಳ್ಳುತ್ತದೆ. ಉಳಿದೆರಡು ಗೆರೆಗಳು 'ಆಫ್ ಡ್ಯೂಟಿ', ಅಂದರೆ ಕರ್ತವ್ಯದ ಹೊರಗೆ, ಮತ್ತು 'ಸ್ಲೀಪರ್ ಬರ್ತ್', ಅಂದರೆ ಲಾರಿಯೊಳಗಿನ ಹಾಸಿಗೆಯಲ್ಲಿ. ತಾನಾಗಿ ದಾಖಲಾದ ಚಾಲನೆಯ ಸಮಯವನ್ನು ಯಾರೂ ಕಡಿಮೆ ಮಾಡಲಾಗದು. ಆದರೆ ಯಾವ ನಮೂದಿನ ಪಕ್ಕದಲ್ಲಾದರೂ ಚಾಲಕ ಒಂದು ಟಿಪ್ಪಣಿ ಬರೆಯಬಹುದು, ಕನಿಷ್ಠ 4 ಅಕ್ಷರ, ಗರಿಷ್ಠ 60. ತರಬೇತಿಯ ಕಾಲದಲ್ಲಿ ಈ ಟಿಪ್ಪಣಿಯ ಚೌಕವನ್ನು ನಾನು ಗಮನಿಸಿದ್ದೆ, ಮಹತ್ವ ಕೊಟ್ಟಿರಲಿಲ್ಲ. ಗುರುಗಳು ಪ್ರತಿ ಸಲ ಏನಾದರೂ ಬರೆಯುತ್ತಿದ್ದುದನ್ನು ಕಂಡು, ವಯಸ್ಸಾದವರ ಅಭ್ಯಾಸವಿರಬೇಕು ಎಂದುಕೊಂಡಿದ್ದೆ.

ಇನ್ನು ಆ ದಿನದ ಕಥೆ. ಬೆಳಗ್ಗೆ 7 ಗಂಟೆಗೆ ಕೆಲಸ ಆರಂಭಿಸಿ, ಹದಿನೈದು ನಿಮಿಷ ಲಾರಿಯನ್ನು ಸುತ್ತಿ ಬಂದು ಬ್ರೇಕು, ಟೈರು, ದೀಪಗಳನ್ನು ಪರೀಕ್ಷಿಸಿ, ಐದೂವರೆ ಗಂಟೆ ಓಡಿಸಿ, 12:45ಕ್ಕೆ ಒಂದು ಶೀತಲ ಗೋದಾಮು ತಲುಪಿದೆ. ಅಲ್ಲಿ ಹೆಪ್ಪುಗಟ್ಟಿಸಿದ ಬಟಾಣಿಯನ್ನು ನನ್ನ ರೀಫರ್, ಅಂದರೆ ಶೀತಲ ಟ್ರೇಲರಿಗೆ ತುಂಬಿಸಿಕೊಳ್ಳಬೇಕಾಗಿತ್ತು. ನನಗೆ ಗೊತ್ತುಮಾಡಿದ್ದ ಸಮಯ ಮಧ್ಯಾಹ್ನ 1 ಗಂಟೆ. ಸರಕು ತುಂಬಿಸುವ ಬಾಗಿಲಿನ, ಅಂದರೆ ಡಾಕಿನ ಸಂಖ್ಯೆ ಸಿಕ್ಕಿದ್ದು ಸಂಜೆ ಆರಕ್ಕೆ, ತುಂಬಿ ಮುಗಿದದ್ದು ರಾತ್ರಿ 9:20ಕ್ಕೆ. ಅಷ್ಟು ಹೊತ್ತೂ ನಾನು ಲಾಗಿನಲ್ಲಿ 'ಕರ್ತವ್ಯದಲ್ಲಿ' ಎಂದೇ ಇಟ್ಟುಕೊಂಡಿದ್ದೆ. ಕರೆದರೆ ತಕ್ಷಣ ಲಾರಿ ಹಿಂದಕ್ಕೆ ಹಾಕಬೇಕಲ್ಲ, ಹಾಗಿರುವಾಗ ಬೇರೆ ಗೆರೆ ಹಾಕುವುದು ಮೋಸವಾದೀತು ಎಂಬುದು ನನ್ನ ಮುಗ್ಧ ತರ್ಕ. 14ನೆಯ ಗಂಟೆ 9ಕ್ಕೇ ಮುಗಿದಿತ್ತು. ಅಂಗಳದಲ್ಲೇ ರಾತ್ರಿ ಮಲಗಲು ಅನುಮತಿ ಕೇಳಿದೆ. ಗೇಟಿನ ಕಾವಲುಗಾರ, ಸರಕು ತುಂಬಿದ ಲಾರಿ ಅಂಗಳದಲ್ಲಿ ನಿಲ್ಲುವಂತಿಲ್ಲ ಎಂದು ನನ್ನನ್ನು ಹೊರಗೆ ಕಳಿಸಿದರು. ಓಡಿಸುವಂತಿಲ್ಲ, ನಿಲ್ಲುವಂತೆಯೂ ಇಲ್ಲ.

ಇಂಥ ಇಕ್ಕಟ್ಟಿಗೆಂದೇ ಒಂದು ದಾರಿ ಇದೆ. ಸಾರಿಗೆ ಸುರಕ್ಷತೆಯ ಫೆಡರಲ್ ಇಲಾಖೆಯಾದ ಎಫ್‌ಎಂಸಿಎಸ್‌ಎ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸರಕು ಹತ್ತಿಸಿ ಅಥವಾ ಇಳಿಸಿ ಆದ ಮೇಲೆ ಚಾಲಕನ ಗಂಟೆಗಳು ಮುಗಿದಿದ್ದರೂ, ಹತ್ತಿರದ ಸುರಕ್ಷಿತ ವಿಶ್ರಾಂತಿ ಸ್ಥಳದ ತನಕ 'ಪರ್ಸನಲ್ ಕನ್ವೇಯನ್ಸ್', ಅಂದರೆ ಸ್ವಂತ ಓಡಾಟ ಎಂದು ನಮೂದಿಸಿ ಲಾರಿ ಓಡಿಸಬಹುದು. ಮುಂಚೆ ಇದಕ್ಕೆ ಲಾರಿ ಖಾಲಿಯಿರಬೇಕೆಂಬ ಷರತ್ತಿತ್ತು, ಆಗಿನಿಂದ ಅದಿಲ್ಲ. ಈಗಿರುವ ಷರತ್ತುಗಳು ಬೇರೆ. ಆ ಸ್ಥಳ ನ್ಯಾಯವಾಗಿ ಸಿಗಬಹುದಾದ ಮೊದಲನೆಯ ಸ್ಥಳವೇ ಆಗಿರಬೇಕು, ಅಲ್ಲಿ ತಲುಪಿ ಪೂರ್ತಿ ವಿಶ್ರಾಂತಿ ಪಡೆಯಬೇಕು, ಮತ್ತು ಮುಂದಿನ ಊರಿಗೆ ಒಂದಷ್ಟು ಹತ್ತಿರವಾಗಲೆಂದು ಜಾಗವಿರುವ ನಿಲ್ದಾಣಗಳನ್ನು ದಾಟಿ ಹೋಗಬಾರದು.

9:35ಕ್ಕೆ ಆ ಗುಂಡಿ ಒತ್ತಿ ಹೊರಟೆ. ಸುಮಾರು ಹನ್ನೆರಡು ಮೈಲಿಯಲ್ಲಿ ಒಂದು ಟ್ರಕ್ ಸ್ಟಾಪ್ ಸಿಕ್ಕಿತು. ಆ ಹೊತ್ತಿಗೆ ಅಲ್ಲಿ ಜಾಗವಿದ್ದರೇ ಆಶ್ಚರ್ಯ. ಸಾಲುಗಳ ನಡುವಿನ ಓಣಿಯಲ್ಲೂ ಲಾರಿಗಳು ನಿಂತಿದ್ದವು. ಹತ್ತು ನಿಮಿಷ ಸುತ್ತಿ, ಹೊರಬಂದು, ಇನ್ನೂ 26 ಮೈಲಿ ಮುಂದಿದ್ದ ಇನ್ನೊಂದಕ್ಕೆ ಹೋಗಿ 10:40ಕ್ಕೆ ಲಾರಿ ನಿಲ್ಲಿಸಿದೆ. ಅದು ನಾನು ಮರುದಿನ ಹೋಗಬೇಕಾಗಿದ್ದ ದಿಕ್ಕಿನಲ್ಲೇ ಇತ್ತು ಎಂಬುದು ಆಗ ನನ್ನ ತಲೆಗೆ ಹೊಳೆಯಲೂ ಇಲ್ಲ. ಟಿಪ್ಪಣಿಯ ಚೌಕ ಖಾಲಿಯಾಗಿಯೇ ಉಳಿಯಿತು. ಮಲಗಿಬಿಟ್ಟೆ.

ಮರುದಿನ ಬೆಳಗ್ಗೆ 9ಕ್ಕೆ ಹೊರಟು ಎರಡು ಗಂಟೆಯಲ್ಲಿ ತೂಕದ ಠಾಣೆಯೊಂದರಲ್ಲಿ ನನ್ನನ್ನು ಬದಿಗೆ ಕರೆದರು. ಅಧಿಕಾರಿ ಲಾಗನ್ನು ತಮ್ಮ ಗಣಕಕ್ಕೆ ಕಳಿಸಲು ಹೇಳಿದರು. ಆ ದಿನದ್ದೂ ಹಿಂದಿನ 7 ದಿನಗಳದ್ದೂ ಅವರ ತೆರೆಯ ಮೇಲೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: 14 ಗಂಟೆ ಮುಗಿದ ಮೇಲೆ, ತುಂಬಿದ ಲಾರಿಯನ್ನು, ಸರಕು ಇಳಿಸಬೇಕಾದ ದಿಕ್ಕಿಗೇ ಸುಮಾರು ನಲವತ್ತು ಮೈಲಿ ಓಡಿಸಿದ್ದೀರಿ, ದಾರಿಯಲ್ಲಿ ಒಂದು ಟ್ರಕ್ ಸ್ಟಾಪ್ ಇತ್ತು, ಅದನ್ನೇಕೆ ದಾಟಿ ಹೋದಿರಿ? ಅಲ್ಲಿ ಜಾಗವಿರಲಿಲ್ಲ ಎಂದೆ. ಹಾಗೆಂದು ಎಲ್ಲಿ ಬರೆದಿದ್ದೀರಿ ಎಂದರು. ಎಲ್ಲೂ ಬರೆದಿರಲಿಲ್ಲ. ಅವರು ಒರಟಾಗಿ ನಡೆದುಕೊಳ್ಳಲಿಲ್ಲ ಎಂಬುದನ್ನು ಹೇಳಲೇಬೇಕು. ತಮ್ಮ ಮುಂದಿದ್ದ ಕಾಗದ ಏನು ಹೇಳುತ್ತದೆಯೋ ಅದನ್ನು ಬರೆದುಕೊಂಡರು. ನಿಲ್ಲಿಸಿದ ಮೇಲೆ ಹತ್ತು ಗಂಟೆಗಿಂತ ಹೆಚ್ಚು ವಿಶ್ರಾಂತಿ ಆಗಿದ್ದರಿಂದ ಲಾರಿಯನ್ನು ತಡೆಹಿಡಿಯಲಿಲ್ಲ. ಆದರೆ ಸ್ವಂತ ಓಡಾಟ ಎಂದು ಬರೆದ ಸಮಯವನ್ನು ಚಾಲನೆ ಎಂದು ಪರಿಗಣಿಸಿದ್ದರಿಂದ ಮೇಲೆ ಹೇಳಿದ ಎರಡೂ ಉಲ್ಲಂಘನೆಗಳು ವರದಿ ಸೇರಿದವು.

ವರದಿಯ ತೂಕ ಆಮೇಲೆ ತಿಳಿಯಿತು. ರಸ್ತೆಬದಿಯ ತಪಾಸಣೆಯ ಫಲಿತಾಂಶ ಚಾಲಕನ ದಾಖಲೆಯಲ್ಲಿ 3 ವರ್ಷ ಇರುತ್ತದೆ; ಮುಂದೆ ಬೇರೆ ಕಂಪನಿಗೆ ಅರ್ಜಿ ಹಾಕಿದರೆ ನಮ್ಮ ಒಪ್ಪಿಗೆ ಪಡೆದು ಅವರು ಅದನ್ನು ನೋಡುತ್ತಾರೆ. ಗಂಟೆ ಮೀರಿದ್ದನ್ನು ಕ್ಷಮಿಸಿಯಾರು, ಸುಳ್ಳು ಲಾಗ್ ಎಂಬ ಶಬ್ದ ಕಂಡರೆ ಅರ್ಜಿ ಅಲ್ಲಿಗೇ ನಿಂತೀತು. ಕಂಪನಿಯ ಸುರಕ್ಷತಾ ವಿಭಾಗದವರು ಒಂದು ಗಂಟೆಯ ಪಾಠ ಕೇಳಿಸಿ ನನ್ನನ್ನು ಮತ್ತೆ ರಸ್ತೆಗೆ ಬಿಟ್ಟರು. ಗುರುಗಳಿಗೆ ಫೋನ್ ಮಾಡಿದೆ. ಅವರು ಮೊದಲು ಬೈದರು, ಆಮೇಲೆ ಟ್ರೇಲರಿನಲ್ಲಿ ಏನಿತ್ತು ಎಂದು ಕೇಳಿದರು.

ಆ ಪ್ರಶ್ನೆಗೆ ಕಾರಣವಿತ್ತು. ರಾಜ್ಯವು ಗೊತ್ತುಪಡಿಸಿದ ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಕೃಷಿ ಉತ್ಪನ್ನ ಸಾಗಿಸುವವನಿಗೆ, ಸರಕು ಹತ್ತಿಸಿದ ಮೂಲದಿಂದ 150 ವಾಯುಮೈಲಿಗಳ ಒಳಗೆ, ಗಂಟೆಗಳ ನಿಯಮವೇ ಅನ್ವಯಿಸುವುದಿಲ್ಲ. ವಾಯುಮೈಲಿ ರಸ್ತೆಯ ಮೈಲಿಗಿಂತ ದೊಡ್ಡದು. 150 ಎಂದರೆ ಸಾಮಾನ್ಯ ಲೆಕ್ಕದಲ್ಲಿ 172 ಮೈಲಿಗೂ ತುಸು ಹೆಚ್ಚು. ಯಾವುದು ಕೃಷಿ ಉತ್ಪನ್ನ ಎಂಬುದರ ವಿವರಣೆ ಸ್ವಾರಸ್ಯವಾಗಿದೆ: ತರಕಾರಿಯನ್ನು ತೊಳೆದರೂ, ಹೆಚ್ಚಿದರೂ, ಚೀಲಕ್ಕೆ ತುಂಬಿದರೂ ಅದು ಕೃಷಿ ಉತ್ಪನ್ನವಾಗಿಯೇ ಉಳಿಯುತ್ತದೆ, ಡಬ್ಬಿಗೆ ಹಾಕಿ ಮುಚ್ಚಿದರೆ, ಒಣಗಿಸಿದರೆ, ಹೆಪ್ಪುಗಟ್ಟಿಸಿದರೆ ಉಳಿಯುವುದಿಲ್ಲ. ನನ್ನ ಟ್ರೇಲರಿನಲ್ಲಿದ್ದದ್ದು ಹಸಿ ಬಟಾಣಿಯಾಗಿದ್ದರೆ ಆ ರಾತ್ರಿಯ ನಲವತ್ತು ಮೈಲಿಯನ್ನು ಯಾರೂ ಪ್ರಶ್ನಿಸದೆ ಇದ್ದಿರಬಹುದು. ಹೆಪ್ಪುಗಟ್ಟಿತ್ತು ಎಂದೆ. ಹಾಗಾದರೆ ಅದನ್ನು ಮರೆತುಬಿಡು ಎಂದರು.

ಆಮೇಲೆ ಅವರು ಹೇಳಿದ್ದು ಎರಡು ಮಾತು. ಡೇಟಾಕ್ಯೂಸ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ, ತಪಾಸಣೆಯ ವರದಿ ತಪ್ಪೆಂದು ಕಂಡರೆ ಚಾಲಕ ತಾನೇ ಅರ್ಜಿ ಹಾಕಬಹುದು. ಅರ್ಜಿ ತಪಾಸಣೆ ಮಾಡಿದ ರಾಜ್ಯದ ಇಲಾಖೆಗೇ ಹೋಗುತ್ತದೆ. ಎರಡನೆಯದಾಗಿ, ಸಿಟ್ಟಿನಲ್ಲಿ ಈಗ ಲಾಗಿಗೆ ಟಿಪ್ಪಣಿ ಸೇರಿಸಲು ಹೋಗಬೇಡ, ತಪಾಸಣೆ ಆದ ಮೇಲೆ ಬರೆದ ಟಿಪ್ಪಣಿ ಮೊದಲೇ ಬರೆಯದಿದ್ದುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಮೊದಲ ಅರ್ಜಿಯಲ್ಲಿ ನಾನು ನಡೆದದ್ದೆಲ್ಲವನ್ನೂ ಎರಡು ಪುಟ ಬರೆದೆ. ಗೋದಾಮಿನವರು ಮುದ್ರೆ ಹಾಕಿಕೊಟ್ಟ ಬಂದ ಹೊತ್ತು, ಹೋದ ಹೊತ್ತಿನ ಕಾಗದ ಲಗತ್ತಿಸಿದೆ. ಮೂರು ವಾರಕ್ಕೆ ಉತ್ತರ ಬಂತು: ಗಂಟೆಗಳು ಗೋದಾಮಿನಲ್ಲಿ ಮುಗಿದವು ಎಂಬುದಕ್ಕೆ ಆಧಾರವಿದೆ, ಮೊದಲ ಟ್ರಕ್ ಸ್ಟಾಪಿನಲ್ಲಿ ಜಾಗ ಹುಡುಕಿದಿರಿ ಎಂಬುದಕ್ಕೆ ಆಧಾರವಿಲ್ಲ, ಬದಲಾವಣೆ ಸಾಧ್ಯವಿಲ್ಲ. ಉತ್ತರವನ್ನು ಓದಿ ಕುದಿದೆನಾದರೂ, ಎರಡನೆಯ ದಿನಕ್ಕೆ ಅದು ನ್ಯಾಯವಾದ ಉತ್ತರವೇ ಎಂದು ಒಪ್ಪಿಕೊಳ್ಳಬೇಕಾಯಿತು.

ಇಎಲ್‌ಡಿಯಲ್ಲಿ ನಾನು ಹೋದ ದಾರಿ ಇರಲೇಬೇಕಲ್ಲ ಎಂದುಕೊಂಡು ಕಂಪನಿಯಿಂದ ಆ ರಾತ್ರಿಯ ಸ್ಥಳದ ವಿವರ ತರಿಸಿದೆ. ಅಲ್ಲಿ ಇನ್ನೊಂದು ವಿಚಿತ್ರ ಕಾದಿತ್ತು. ಸಾಮಾನ್ಯ ಚಾಲನೆಯಲ್ಲಿ ಉಪಕರಣ ಸುಮಾರು ಒಂದು ಮೈಲಿಯ ನಿಖರತೆಯಲ್ಲಿ ಸ್ಥಳ ಬರೆದುಕೊಳ್ಳುತ್ತದೆ. ಸ್ವಂತ ಓಡಾಟದ ಸಮಯದಲ್ಲಿ ಚಾಲಕನ ಖಾಸಗಿತನಕ್ಕಾಗಿ ಆ ನಿಖರತೆಯನ್ನು ಸುಮಾರು ಹತ್ತು ಮೈಲಿಗೆ ಮಸುಕು ಮಾಡುತ್ತದೆ. ನನ್ನನ್ನು ಕಾಪಾಡಲೆಂದು ಇಟ್ಟ ಪರದೆಯೇ ನಾನು ಆ ಟ್ರಕ್ ಸ್ಟಾಪಿನೊಳಗೆ ಹೋಗಿದ್ದೆನೆಂಬುದನ್ನು ಮರೆಮಾಡಿತ್ತು. ಊಟದ ರಸೀದಿಯೂ ಇರಲಿಲ್ಲ. ಲಾರಿ ನಿಲ್ಲಿಸಲು ಜಾಗವಿಲ್ಲದವನು ಊಟ ಎಲ್ಲಿ ಕೊಂಡಾನು.

ಕೊನೆಗೆ ಈ ತೊಡಕಿನಿಂದ ನನ್ನನ್ನು ಬಿಡಿಸಿದ್ದು ಬಟಾಣಿಯೇ. ಹೆಪ್ಪುಗಟ್ಟಿಸಿದ ಸರಕು ಸಾಗಿಸುವ ರೀಫರ್ ಟ್ರೇಲರಿಗೆ ತನ್ನದೇ ಆದ ಜಿಪಿಎಸ್ ಇರುತ್ತದೆ, ಒಳಗಿನ ಉಷ್ಣತೆಯನ್ನೂ ಟ್ರೇಲರ್ ಇರುವ ಸ್ಥಳವನ್ನೂ ಅದು ಕಂಪನಿಗೆ ಕಳಿಸುತ್ತಿರುತ್ತದೆ. ಅದಕ್ಕೂ ಲಾರಿಯ ಲಾಗಿಗೂ ಸಂಬಂಧವಿಲ್ಲ, ಹಾಗಾಗಿ ಮಸುಕು ಮಾಡುವ ಪ್ರಶ್ನೆಯೂ ಇಲ್ಲ. ಇದು ಹೊಳೆದದ್ದು ನನಗಲ್ಲ, ಸುರಕ್ಷತಾ ವಿಭಾಗದಲ್ಲಿ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿಗೆ. ಆಕೆ ಕಳಿಸಿದ ಹಾಳೆಯಲ್ಲಿ ಟ್ರೇಲರ್ ರಾತ್ರಿ 9:52ಕ್ಕೆ ಟ್ರಕ್ ಸ್ಟಾಪಿನ ಆವರಣದೊಳಗೆ ಇದ್ದದ್ದು, 10:03ಕ್ಕೆ ಹೆದ್ದಾರಿಗೆ ಮರಳಿದ್ದು ಸ್ಪಷ್ಟವಾಗಿತ್ತು. ಹನ್ನೊಂದು ನಿಮಿಷ. ಆ ಹಾಳೆ, ಎರಡು ನಿಲ್ದಾಣಗಳ ನಡುವೆ ಲಾರಿ ನಿಲ್ಲಿಸುವ ಬೇರೆ ಸ್ಥಳವಿಲ್ಲವೆಂದು ತೋರಿಸುವ ನಕ್ಷೆ, ಮಾರ್ಗಸೂಚಿಯ ಆ ಒಂದು ಪ್ಯಾರಾ, ಇಷ್ಟನ್ನು ಸೇರಿಸಿ ಮರುಪರಿಶೀಲನೆ ಕೋರಿದೆ. ಈ ಬಾರಿ ನನ್ನ ಪತ್ರ ಅರ್ಧ ಪುಟ ಮಾತ್ರ. ಆರು ವಾರಗಳ ನಂತರ ಎರಡೂ ಉಲ್ಲಂಘನೆಗಳನ್ನು ತೆಗೆದುಹಾಕಲಾಗಿದೆ ಎಂಬ ಸಂದೇಶ ಬಂತು. ವಿವರಣೆ ಏನೂ ಇರಲಿಲ್ಲ, ನಾನೂ ಕೇಳಲಿಲ್ಲ.

ಆ ತಿಂಗಳುಗಳಲ್ಲಿ ನಾನು ಕಲಿತ ಇನ್ನೊಂದು ವಿಷಯ ಸ್ಲೀಪರ್ ಬರ್ತನ್ನು ಒಡೆದು ಬಳಸುವುದು. 2020ರ ಸೆಪ್ಟೆಂಬರ್ 29ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ 10 ಗಂಟೆಯ ವಿಶ್ರಾಂತಿಯನ್ನು ಎರಡು ಭಾಗ ಮಾಡಬಹುದು: ಒಂದು ಭಾಗ ಸ್ಲೀಪರಿನಲ್ಲಿ ಕನಿಷ್ಠ ಸತತ 7 ಗಂಟೆ, ಇನ್ನೊಂದು ಕನಿಷ್ಠ 2 ಗಂಟೆ, ಎರಡೂ ಸೇರಿ 10ಕ್ಕೆ ಕಡಿಮೆಯಾಗಬಾರದು. ಹೀಗೆ ಜೋಡಿಯಾದಾಗ ಎರಡೂ ಭಾಗಗಳು 14 ಗಂಟೆಯ ಗಡಿಯಾರಕ್ಕೆ ಲೆಕ್ಕವಾಗುವುದಿಲ್ಲ. ಆ ನಿಲ್ಲದ ಗಡಿಯಾರವನ್ನು ನಿಲ್ಲಿಸುವ ಉಪಾಯಗಳಲ್ಲಿ ದಿನನಿತ್ಯ ಉಪಯೋಗಕ್ಕೆ ಬರುವುದು ಇದೊಂದೇ.

ಉದಾಹರಣೆಗೆ ನನ್ನದೇ ಒಂದು ದಿನ. ಬೆಳಗ್ಗೆ 5ಕ್ಕೆ ಕೆಲಸ ಶುರು, 5:15ರಿಂದ 8:15ರವರೆಗೆ ಮೂರು ಗಂಟೆ ಚಾಲನೆ. ಗೋದಾಮಿನ ಕಿಟಕಿಯಲ್ಲಿ ಹೆಸರು ಬರೆಸಿ, ಕರೆಯುವ ತನಕ ನಿಮಗೆ ಕೆಲಸವಿಲ್ಲ ಎಂದು ಅವರಿಂದ ಹೇಳಿಸಿಕೊಂಡು, 8:30ಕ್ಕೆ ಸ್ಲೀಪರ್ ಗೆರೆಗೆ ಹೋಗಿ ನಿಜವಾಗಿಯೂ ಮಲಗಿದೆ. 11:30ಕ್ಕೆ ಕರೆದರು. ಅರ್ಧ ಗಂಟೆ ಕಾಗದಪತ್ರ, ಟ್ರೇಲರಿನ ಸೀಲು. 12ರಿಂದ ರಾತ್ರಿ 8ರವರೆಗೆ ಎಂಟು ಗಂಟೆ ಓಡಿಸಿದೆ. ಬೆಳಗಿನ ಮೂರು ಸೇರಿ ಹನ್ನೊಂದಾಯಿತು. ಹಳೆಯ ರೀತಿಯಲ್ಲಿ ಲಾಗ್ ಇಟ್ಟಿದ್ದರೆ ಸಂಜೆ 7ಕ್ಕೇ ನಿಲ್ಲಬೇಕಾಗಿತ್ತು. ಈಗ ಆ ಮೂರು ಗಂಟೆ ಪಕ್ಕಕ್ಕೆ ಸರಿದು ಗಡಿ ರಾತ್ರಿ 10ಕ್ಕೆ ಹೋಗಿತ್ತು. ಆದರೆ ಇದು ಸಾಲ, ದಾನವಲ್ಲ. ಆ ರಾತ್ರಿ ಸ್ಲೀಪರಿನಲ್ಲಿ ಸತತ 7 ಗಂಟೆ ಇರದಿದ್ದರೆ ಜೋಡಿ ಪೂರ್ತಿಯಾಗದೆ ಸಂಜೆ 7ರ ನಂತರ ಓಡಿಸಿದ್ದೆಲ್ಲ ಹಿಂದಿನಿಂದ ಉಲ್ಲಂಘನೆಯಾಗುತ್ತದೆ. 7 ಗಂಟೆ ಮಾತ್ರ ಮಲಗಿ ಬೆಳಗಿನ ಜಾವ 3ಕ್ಕೆ ಎದ್ದರೂ ಸಿಗುವುದು ಮೂರೇ ಗಂಟೆಯ ಚಾಲನೆ, ಏಕೆಂದರೆ ಹೊಸ ಲೆಕ್ಕ ಹಿಂದಿನ ದಿನದ 11:30ರಿಂದ, ಅಂದರೆ ಮೊದಲ ವಿಶ್ರಾಂತಿ ಮುಗಿದಲ್ಲಿಂದ ಶುರುವಾಗುತ್ತದೆ. ನಾನು ಹತ್ತೂ ಗಂಟೆ ಮಲಗಿ 6ಕ್ಕೆ ಎದ್ದೆ. ಈ ಲೆಕ್ಕವನ್ನು ಉಪಕರಣವೇ ತೋರಿಸುತ್ತದೆ ನಿಜ, ಆದರೆ ಕಾಗದದ ಮೇಲೆ ಒಮ್ಮೆ ಕೈಯಿಂದ ಮಾಡಿ ನೋಡದವನಿಗೆ ಅದು ತೋರಿಸುವುದು ಅರ್ಥವಾಗುವುದಿಲ್ಲ.

ಬೇರೆ ವಿನಾಯಿತಿಗಳೂ ಇವೆ. ದಿನವೂ ಹೊರಟಲ್ಲಿಗೇ 14 ಗಂಟೆಗಳೊಳಗೆ ಮರಳಿ, 150 ವಾಯುಮೈಲಿಗಳ ವ್ಯಾಪ್ತಿಯಲ್ಲೇ ಓಡಿಸುವವರಿಗೆ ಇಎಲ್‌ಡಿಯೂ ಬೇಡ, ಲಾಗೂ ಬೇಡ. ಕಂಪನಿ ಹಾಜರಿಯ ಸಮಯ ಇಟ್ಟುಕೊಂಡರೆ ಸಾಕು. ಪ್ರಕೃತಿ ವಿಕೋಪದಂಥ ತುರ್ತು ಘೋಷಣೆಯಾದಾಗ ಪರಿಹಾರದ ಸರಕು ಒಯ್ಯುವವರಿಗೆ ನಿಯಮ ಸಡಿಲವಾಗುತ್ತದೆ. ಕೋವಿಡ್ ಕಾಲದಲ್ಲಿ 2020ರ ಮಾರ್ಚ್‌ನಲ್ಲಿ ಇಡೀ ದೇಶಕ್ಕೇ ಹಾಗೆ ಘೋಷಿಸಿದ್ದರು. ಇವೆರಡೂ ನನ್ನ ಪಾಲಿಗೆ ಇನ್ನೂ ಬಂದಿಲ್ಲ.

ಬಂದದ್ದು ಹವಾಮಾನ ಮತ್ತು ರಸ್ತೆಯ ಪ್ರತಿಕೂಲತೆಗೆ ಕೊಡುವ ವಿನಾಯಿತಿ, ಮರುವರ್ಷದ ಚಳಿಗಾಲದಲ್ಲಿ. ಹಿಮ, ಮಂಜು, ಅಥವಾ ಅಸಾಧಾರಣ ಸಂಚಾರದ ತಡೆಯಿಂದಾಗಿ ಗಂಟೆಗಳೊಳಗೆ ಸುರಕ್ಷಿತವಾಗಿ ಪ್ರಯಾಣ ಮುಗಿಸಲಾಗದಿದ್ದರೆ, 11 ಗಂಟೆಯ ಚಾಲನೆಗೂ 14 ಗಂಟೆಯ ಗಡಿಗೂ 2 ಗಂಟೆ ಸೇರಿಸಿಕೊಳ್ಳಬಹುದು. ವಾರದ 70 ಗಂಟೆಗೂ 30 ನಿಮಿಷದ ಬಿಡುವಿಗೂ ಇದು ಅನ್ವಯಿಸುವುದಿಲ್ಲ. ಮುಖ್ಯವಾದ ಷರತ್ತೆಂದರೆ, ಹೊರಡುವಾಗ ಆ ತೊಂದರೆ ಚಾಲಕನಿಗೂ ಕಳಿಸುವ ಕಂಪನಿಗೂ ಗೊತ್ತಿರಬಾರದು, ಗೊತ್ತಿರಬಹುದಾಗಿದ್ದೂ ಆಗಿರಬಾರದು. ಹಿಮಪಾತದ ಮುನ್ಸೂಚನೆ ನೋಡಿಯೂ ಹೊರಟವನಿಗೆ ಈ ಎರಡು ಗಂಟೆ ಇಲ್ಲ.

ನೆಬ್ರಾಸ್ಕಾದ ನಾರ್ತ್ ಪ್ಲ್ಯಾಟ್‌ನಿಂದ ಇಂಟರ್‌ಸ್ಟೇಟ್ 80ರಲ್ಲಿ ಪಶ್ಚಿಮಕ್ಕೆ ಹೊರಟಿದ್ದೆ. ವ್ಯೋಮಿಂಗ್‌ನ ಪಶ್ಚಿಮದ ಅಂಚಿನ ಎವನ್ಸ್‌ಟನ್ ತಲುಪಿ ಮಲಗುವುದು ಯೋಜನೆ. ಹೊರಡುವ ಮುಂಚೆ ರಸ್ತೆಯ ಸ್ಥಿತಿ ನೋಡಿ, ಆ ತೆರೆಯ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡೆ. ಗಾಳಿಯಿದೆ, ರಸ್ತೆ ತೆರೆದಿದೆ ಎಂದಿತ್ತು. 5:30ಕ್ಕೆ ಕೆಲಸ ಶುರು, 5:45ಕ್ಕೆ ಚಾಲನೆ. ಲಾಗಿನ ಗಡಿಯಾರ ಕಂಪನಿಯ ಮೂಲಸ್ಥಾನದ ಸಮಯದಲ್ಲೇ ನಡೆಯುತ್ತದೆ, ದಾಟಿದ ಕಾಲವಲಯಗಳಿಗೆ ಅಲ್ಲಿ ಲೆಕ್ಕವಿಲ್ಲ. ಶೈಯನ್ ಕಳೆದು, 8,640 ಅಡಿ ಎತ್ತರದ ಶರ್ಮನ್ ಶಿಖರವನ್ನು ಹತ್ತಿಳಿದು, ಸುಮಾರು 270 ಮೈಲಿಯ ನಂತರ ಲ್ಯಾರಮಿ. ಅಲ್ಲಿ ಡೀಸೆಲ್ ತುಂಬಿಸುತ್ತ ನಲವತ್ತು ನಿಮಿಷ ನಿಂತೆ. 2020ರ ತಿದ್ದುಪಡಿಯ ನಂತರ ಇಂಥ ಕೆಲಸದ ಹೊತ್ತೂ ಬಿಡುವಾಗಿ ಲೆಕ್ಕಕ್ಕೆ ಬರುತ್ತದೆ. 10:45ಕ್ಕೆ ಮತ್ತೆ ಹೊರಟೆ.

ಎಲ್ಕ್ ಮೌಂಟನ್ ಹತ್ತಿರ 11:40ಕ್ಕೆ ಮುಂದಿನ ಲಾರಿಗಳ ಕೆಂಪು ದೀಪಗಳು ಹೊತ್ತಿಕೊಂಡವು. ಗಾಳಿ ನೆಲದ ಹಿಮವನ್ನು ಎಬ್ಬಿಸಿ ರಸ್ತೆಯ ಮೇಲೆ ಬಿಳಿಯ ಗೋಡೆ ಕಟ್ಟಿತ್ತು, ಅದರೊಳಗೆ ಲಾರಿಗಳು ಒಂದಕ್ಕೊಂದು ಗುದ್ದಿದ್ದವು. 2:20ರವರೆಗೆ ಒಂದಡಿಯೂ ಸರಿಯಲಿಲ್ಲ. ಉಪಕರಣ ಮತ್ತೆ ಮತ್ತೆ ಕೇಳುತ್ತಿತ್ತು, ನಾನು ಚಾಲನೆಯಲ್ಲಿಯೇ ಇದ್ದೇನೆಂದು ಒತ್ತುತ್ತಿದ್ದೆ. ಸಂಚಾರದ ತಡೆಯಲ್ಲಿ ಚಕ್ರದ ಮುಂದೆ ಕುಳಿತಿರುವ ಹೊತ್ತು ಚಾಲನೆಯ ಹೊತ್ತೇ. ಅಲ್ಲಿ ಸ್ಲೀಪರ್ ಒತ್ತಿಬಿಡಬೇಕೆಂಬ ಆಸೆ ಬರುತ್ತದೆ, ಒತ್ತಬಾರದು. ದಾರಿ ಬಿಟ್ಟ ಮೇಲೂ ತೆವಳುತ್ತ ರಾಲಿನ್ಸ್ ತಲುಪಿದಾಗ 4 ಗಂಟೆ. ಆಗಲೇ 9 ಗಂಟೆ 35 ನಿಮಿಷ ಚಾಲನೆಯಾಗಿತ್ತು. ಲಾರಿ ನಿಲ್ಲಿಸಲು ಅಲ್ಲಿ ಜಾಗವಿಲ್ಲ; ಮುಂದೆ ವಾಮ್‌ಸಟರ್‌ನಲ್ಲೂ ಇಲ್ಲ. ರಾಕ್ ಸ್ಪ್ರಿಂಗ್ಸ್‌ನಲ್ಲಿ 5:40ಕ್ಕೆ ಜಾಗ ಸಿಕ್ಕಿತು. ಒಟ್ಟು ಚಾಲನೆ 11 ಗಂಟೆ 15 ನಿಮಿಷ.

ಕಂಪನಿಯಲ್ಲಿ ಲಾರಿಗಳನ್ನು ಕಳಿಸುವ ಡಿಸ್ಪ್ಯಾಚರ್ ಫೋನ್ ಮಾಡಿ, ಎರಡು ಗಂಟೆ ಇದೆಯಲ್ಲ, ಎವನ್ಸ್‌ಟನ್ ತನಕ ಹೋಗಲಾಗುವುದೇ ಎಂದು ಕೇಳಿದರು. ಲೆಕ್ಕದ ಪ್ರಕಾರ ಆಗುತ್ತಿತ್ತು. ಕೈ ಮಾತ್ರ ನಡುಗುತ್ತಿತ್ತು. ಆಗುವುದಿಲ್ಲ ಎಂದೆ, ಅವರು ಒತ್ತಾಯಿಸಲಿಲ್ಲ. ಒತ್ತಾಯಿಸುವುದನ್ನು ತಡೆಯಲು 2016ರಿಂದ ಪ್ರತ್ಯೇಕ ನಿಯಮವೇ ಇದೆ, ಚಾಲಕ 90 ದಿನಗಳೊಳಗೆ ದೂರು ಕೊಡಬಹುದು. ಒಳ್ಳೆಯ ಡಿಸ್ಪ್ಯಾಚರ್‌ಗಳಿಗೆ ಇದು ಚಾಲಕರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇಂಜಿನ್ ಆರಿಸುವ ಮುಂಚೆ ಟಿಪ್ಪಣಿಯ ಚೌಕ ತೆರೆದೆ. ಅರವತ್ತು ಅಕ್ಷರಗಳಲ್ಲಿ ಸ್ಥಳ, ಕಾರಣ, ಎಷ್ಟು ಹೊತ್ತು, ಹೊರಡುವಾಗ ತಿಳಿದಿರಲಿಲ್ಲ ಎಂಬ ನಾಲ್ಕೂ ಬರಬೇಕು. ಮೊದಲು ಬರೆದದ್ದು ಉದ್ದವಾಯಿತು. ಕ್ರಿಯಾಪದಗಳನ್ನೆಲ್ಲ ಕಿತ್ತು, ಎಲ್ಕ್ ಮೌಂಟನ್ನನ್ನು ಮೊಟಕು ಮಾಡಿ, ತುಂಡು ಇಂಗ್ಲಿಷಿನಲ್ಲಿ ಎರಡನೆಯ ಸಲ ಬರೆದೆ: ಎಲ್ಕ್ ಬಳಿ ಅಪಘಾತ, 80 ಬಂದ್, 2 ಗಂಟೆ 40 ನಿಮಿಷ, ಹೊರಡುವಾಗ ತಿಳಿದಿಲ್ಲ. ಉಳಿಸಿ ಮಲಗಿದೆ.

ಮರುದಿನ ನಸುಕಿನಲ್ಲಿ ಹೊರಟು ಯೂಟಾದೊಳಗೆ ಬಂದ ಮೇಲೆ ತಪಾಸಣಾ ಠಾಣೆಯಲ್ಲಿ ನನ್ನನ್ನು ಒಳಗೆ ಕರೆದರು. ಲೈಸೆನ್ಸ್, ವೈದ್ಯಕೀಯ ಪ್ರಮಾಣಪತ್ರ, ಲಾಗ್. ಅಧಿಕಾರಿ ತೆರೆಯ ಮೇಲೆ ಹಿಂದಿನ ದಿನದ ಗೆರೆಯ ಉದ್ದಕ್ಕೂ ಬೆರಳು ಓಡಿಸುತ್ತ ಹನ್ನೊಂದನ್ನು ದಾಟಿದಲ್ಲಿ ನಿಲ್ಲಿಸಿದರು. ಫೋನಿನಲ್ಲಿದ್ದ ಚಿತ್ರ ತೋರಿಸಲು ನಾನು ಕೈ ಜೇಬಿಗೆ ಹಾಕಿದೆ. ಅಷ್ಟರಲ್ಲಿ ಅವರು ಟಿಪ್ಪಣಿ ಓದಿ ಮುಗಿಸಿ, ಎಲ್ಕ್ ಮೌಂಟನ್‌ನಲ್ಲಿ ಗಾಳಿ ಈಗ ತಗ್ಗಿದೆಯೇ ಎಂದು ವಿಚಾರಿಸಿದರು. ಗೊತ್ತಿಲ್ಲ ಎಂದೆ. ಉಲ್ಲಂಘನೆ ಇಲ್ಲ ಎಂದು ಮುದ್ರಿಸಿದ ವರದಿಯನ್ನು ಕೈಗೆ ಕೊಟ್ಟರು. ಸಾಲ್ಟ್ ಲೇಕ್ ಸಿಟಿಯ ಗೋದಾಮಿನಲ್ಲಿ ಕಿಟಕಿಯಲ್ಲಿದ್ದವರು ನಾಲ್ಕು ಗಂಟೆಯಾದರೂ ಆಗುತ್ತದೆ ಎಂದಾಗ, ಕರೆಯುವ ತನಕ ನನಗೆ ಕೆಲಸವಿಲ್ಲವಷ್ಟೆ ಎಂದು ಕೇಳಿ ಖಚಿತಪಡಿಸಿಕೊಂಡು, ಸ್ಲೀಪರ್ ಗುಂಡಿ ಒತ್ತಿ, ಪರದೆ ಎಳೆದು ಮಲಗಿದೆ.